ಹಂಗಿಲ್ಲದ ದಾಸೋಹ: ಹಿರಿಯರ ಸೇವೆಯಲ್ಲಿ ಶರಣಧರ್ಮ

ದಾನವೆಂಬುದು ಬೇರೆ, ದಾಸೋಹವೆಂಬುದು ಬೇರೆ. ದಾನದಲ್ಲಿ ಕೊಡುವವನ ಕೈ ಮೇಲಿರುವುದು, ಕೊಳ್ಳುವವನ ಕೈ ಕೆಳಗಿರುವುದು. ಕೊಟ್ಟೆನೆಂಬ ಅಹಂಕಾರವು ಒಬ್ಬನಲ್ಲಿಯೂ, ಕೊಂಡೆನೆಂಬ ಸಂಕೋಚವು ಇನ್ನೊಬ್ಬನಲ್ಲಿಯೂ ಉಳಿಯುವುದು. ದಾಸೋಹದಲ್ಲಿಯಾದರೋ ಅರ್ಪಿಸುವವನೇ ದಾಸನು, ಸ್ವೀಕರಿಸುವವನು ಜಂಗಮಸ್ವರೂಪನು. ಅರ್ಪಿಸಿದ ವಸ್ತುವು ಮೊದಲಿಗೇ ತನ್ನದಾಗಿರಲಿಲ್ಲವೆಂಬ ಭಾವದಿಂದ ಭಕ್ತನು ಹಗುರಾಗುತ್ತಾನೆ. ಸ್ವೀಕರಿಸಿದವನ ಮೇಲೆ ಋಣದ ಭಾರವು ಬೀಳುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಲೋಕಕ್ಕೆ ತೋರಿಸಿಕೊಟ್ಟ ತತ್ವಗಳಲ್ಲಿ ಇದು ಮುಖ್ಯವಾದುದು.

ಈ ತತ್ವವು ನಿಜವಾಗಿ ಪರೀಕ್ಷೆಗೆ ಬರುವುದು ಗೃಹಸ್ಥನ ಪಡಸಾಲೆಯಲ್ಲಿ. ಜಾತ್ರೆಯ ದಿವಸ ಬಂದ ಜನಕ್ಕೆಲ್ಲ ಉತ್ಸಾಹದಿಂದ ಪ್ರಸಾದವನ್ನು ಬಡಿಸಬಹುದು. ಅದನ್ನು ಊರೆಲ್ಲ ನೋಡುತ್ತದೆ. ಆದರೆ ಪಡಸಾಲೆಯ ಮೂಲೆಯಲ್ಲಿ ಕೌದಿ ಹಾಸಿಕೊಂಡು ಕುಳಿತ ವೃದ್ಧ ತಂದೆಗೆ ವರ್ಷದ ಎಲ್ಲ ದಿನಗಳಲ್ಲಿಯೂ ಮುಖ ಗಂಟಿಕ್ಕದೆ ಒಂದು ತಂಬಿಗೆ ನೀರನ್ನು ತಂದುಕೊಡುವುದನ್ನು ಯಾರೂ ನೋಡುವುದಿಲ್ಲ. ಯಾರೂ ನೋಡದ ಆ ಸೇವೆಯಲ್ಲಿಯೇ ದಾಸೋಹಭಾವದ ಆಳವು ತಿಳಿದುಬರುವುದು.

ಮುಪ್ಪು ಆವರಿಸುವ ಮುನ್ನವೇ ಶಿವಪೂಜೆಗೆ ತೊಡಗಬೇಕೆಂಬ ಎಚ್ಚರಿಕೆಯನ್ನು ಬಸವಣ್ಣನವರು ಕೊಟ್ಟಿರುವುದು ಭಕ್ತರೆಲ್ಲರಿಗೂ ತಿಳಿದ ಸಂಗತಿ. ಆ ಎಚ್ಚರಿಕೆಯನ್ನು ಸಾಧಕನ ದೃಷ್ಟಿಯಿಂದ ವಿವರಿಸುವುದು ರೂಢಿ: ಶಕ್ತಿಯಿರುವಾಗಲೇ ಸಾಧನೆ ಮಾಡು, ನಾಳೆಗೆ ನೂಕಬೇಡ ಎಂದು. ಆದರೆ ಅದರಲ್ಲಿ ಗೃಹಸ್ಥನಿಗೂ ಒಂದು ಪಾಠವಿದೆ. ದೇಹ ಕುಗ್ಗಿದವರು ಹೆಚ್ಚಾಗಿ ಅಂಜುವುದು ಮರಣಕ್ಕಲ್ಲ. ಅನ್ಯರ ಹಂಗಿಗೆ ಬೀಳುವೆವಲ್ಲಾ ಎಂಬುದಕ್ಕೆ. ಆದುದರಿಂದ ಹಿರಿಯರ ಸೇವೆಯೆಂದರೆ ಅವರಿಗೆ ಉಣಿಸುವುದಷ್ಟೇ ಆಗಲಾರದು. ಹಂಗಿನ ಅಂಜಿಕೆಯನ್ನು ಅವರಿಂದ ದೂರ ಮಾಡುವುದೇ ಅದರ ಸಾರವು. ಇದಕ್ಕೆ ಏನೇನು ಬೇಕೆಂಬುದನ್ನು ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಸ್ಥಿತಿಗತಿಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಉಚಿತವಾಗಿದೆ.

ಸೀಮೆಯ ಸ್ಥಿತಿ

ಕಲಬುರಗಿ ಜಿಲ್ಲೆಯ ಭಾಗವಾಗಿದ್ದ ಈ ಮೂರು ತಾಲ್ಲೂಕುಗಳು 2010ರಲ್ಲಿ ಯಾದಗಿರಿ ಜಿಲ್ಲೆಯೆಂದು ಪ್ರತ್ಯೇಕಗೊಂಡವು. ಅನಂತರ ಗುರುಮಠಕಲ್, ವಡಗೇರಾ, ಹುಣಸಗಿಗಳು ಹೊಸ ತಾಲ್ಲೂಕುಗಳಾದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯು ಸುಮಾರು 11.74 ಲಕ್ಷ, ಅಕ್ಷರಸ್ಥರು ನೂರಕ್ಕೆ ಸುಮಾರು 52 ಮಂದಿ ಮಾತ್ರ. ರಾಜ್ಯದ ಜಿಲ್ಲೆಗಳಲ್ಲಿ ಅಂದು ಇದೇ ಕಡೆಯ ಸ್ಥಾನ. ಕೃಷ್ಣೆ ಭೀಮೆಯರು ಹರಿಯುವ ನಾಡಾದರೂ, ನಾರಾಯಣಪುರದ ಬಸವಸಾಗರದ ಕಾಲುವೆಯ ನೀರು ಶಹಾಪುರ ಸುರಪುರಗಳ ಅನೇಕ ಹೊಲಗಳಿಗೆ ಬಂದಿದ್ದರೂ, ಮಳೆಯನ್ನೇ ನೆಚ್ಚಿದ ಜೋಳ ತೊಗರಿಗಳ ಹೊಲಗಳು ಇನ್ನೂ ಬಹಳವಿವೆ.

ರಾಶಿ ಮುಗಿದೊಡನೆ ದುಡಿಯುವ ಕೈಗಳು ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳ ಕಡೆಗೆ ಗುಳೆ ಹೊರಡುವುದು ಈ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮಗ ಸೊಸೆಯರು ಕಟ್ಟಡದ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ಮುತ್ಯಾ, ಅಮ್ಮ ಮತ್ತು ಮೊಮ್ಮಕ್ಕಳು. ಶಾಲೆಗೆ ಮಕ್ಕಳನ್ನು ಕಳುಹಿಸುವವರು ಆ ಹಿರಿಯರೇ. ಎಮ್ಮೆಗೆ ಮೇವು ಹಾಕುವವರೂ ಅವರೇ. ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಗೆ ಎತ್ತಿಕೊಂಡು ಹೋಗುವವರೂ ಅವರೇ. ದೂರ ಹೋದ ಮಕ್ಕಳನ್ನು ಕರ್ತವ್ಯಹೀನರೆಂದು ಜರೆಯುವುದು ನ್ಯಾಯವಲ್ಲ. ಹೊಟ್ಟೆಯ ಪಾಡು ಅವರನ್ನು ಕರೆದೊಯ್ದಿದೆ. ದುಡಿದುದರಲ್ಲಿ ಮನೆಗೂ ಕಳುಹಿಸುತ್ತಾರೆ. ಆದರೆ ಹಣವು ಬಂದು ತಲುಪಿದರೂ ಕೈ ಹಿಡಿದು ನಡೆಸುವವರಿಲ್ಲದ ಮನೆಗಳು ಹೆಚ್ಚುತ್ತಿವೆಯೆಂಬುದು ಸತ್ಯ. ಅಲ್ಲಿ ನೆರೆಹೊರೆಯೂ ಮಠವೂ ಪಂಚಾಯತಿಯೂ ಮಗನ ಸ್ಥಾನದಲ್ಲಿ ನಿಲ್ಲಬೇಕಾಗಿದೆ.

ಕಾಯಕಕ್ಕೆ ಮುಪ್ಪಿಲ್ಲ

ಶರಣರು ಕಾಯಕವನ್ನು ದೊಡ್ಡದು ಚಿಕ್ಕದೆಂದು ಅಳೆಯಲಿಲ್ಲ. ಆದ್ಯ ವಚನಕಾರರೆಂದು ಪರಂಪರೆಯು ಗೌರವಿಸುವ ಜೇಡರ ದಾಸಿಮಯ್ಯನವರು ಇದೇ ಸುರಪುರ ಸೀಮೆಯ ಮುದನೂರಿನವರು. ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುವುದು ಅವರ ಕಾಯಕ, ಸತಿ ದುಗ್ಗಳೆಯು ಅದರಲ್ಲಿ ಸಹಭಾಗಿನಿ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸಿದವರು. ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅಗತ್ಯಕ್ಕೆ ಮೀರಿದುದನ್ನು ಅಲ್ಲಿಯೇ ಸುರಿದು ಬರುವಂತೆ ಸತಿ ಲಕ್ಕಮ್ಮನವರು ಹೇಳಿದ ಪ್ರಸಂಗವು ಪ್ರಸಿದ್ಧವಾಗಿದೆ.

ಈ ಪ್ರಸಂಗಗಳಿಂದ ಹಿರಿಯರ ವಿಷಯದಲ್ಲಿ ತಿಳಿಯತಕ್ಕದ್ದು ಏನು? ಕಾಯಕದ ಬೆಲೆಯು ಅದರ ಗಾತ್ರದಲ್ಲಿಲ್ಲ. ನೇಗಿಲು ಹಿಡಿಯಲಾರದ ಕೈ ಹಗ್ಗ ಹೊಸೆಯಬಲ್ಲದು. ಕಳೆ ತೆಗೆಯಲು ಬಗ್ಗಲಾರದ ತಾಯಿ ಕೌದಿ ಹೊಲಿಯಬಲ್ಲಳು, ತೊಗರಿಯ ಬೇಳೆಯಲ್ಲಿ ಹರಳು ಆಯಬಲ್ಲಳು, ಮೊಮ್ಮಗಳಿಗೆ ವಚನಗಳನ್ನು ಬಾಯಿಪಾಠ ಮಾಡಿಸಬಲ್ಲಳು. ಮಳೆ ನಕ್ಷತ್ರಗಳ ಲೆಕ್ಕ, ಬೀಜ ಕಾಯ್ದಿಡುವ ರೀತಿ, ದನದ ರೋಗದ ಗುರುತು ಮೊದಲಾದವನ್ನು ಬಲ್ಲ ಹಿರಿಯನನ್ನು ಕೇಳುವವರಿದ್ದರೆ ಆತನು ಮನೆಗೆ ಭಾರವಾಗುವುದಿಲ್ಲ. ಇನ್ನು ನೀನು ಸುಮ್ಮನೆ ಕುಳಿತುಕೋ ಎಂಬ ಮಾತು ಪ್ರೀತಿಯಿಂದ ಬಂದುದಾದರೂ, ಅದನ್ನು ದಿನವೂ ಕೇಳಿದವನಿಗೆ ತಾನು ಯಾರಿಗೂ ಬೇಡವಾದೆನೆಂಬ ಭಾವನೆ ಹುಟ್ಟುವುದು. ಹಂಗಿನ ಬೇರು ಅಲ್ಲಿಯೇ ಇದೆ.

ಇಂದಿನ ವಿಜ್ಞಾನವೂ ಈ ಮಾತಿಗೆ ಸಮೀಪವಾಗಿಯೇ ಬಂದಿದೆ. 2021ರಿಂದ 2030ರವರೆಗಿನ ಹತ್ತು ವರ್ಷಗಳನ್ನು ವಿಶ್ವಸಂಸ್ಥೆಯು ಆರೋಗ್ಯಪೂರ್ಣ ವಾರ್ಧಕ್ಯದ ದಶಕವೆಂದು ಸಾರಿರುವುದು. ಅಂತಹ ವಾರ್ಧಕ್ಯವೆಂದರೆ ರೋಗವೇ ಇಲ್ಲದಿರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದಿಲ್ಲ. ತನಗೆ ಬೆಲೆಯುಳ್ಳುದೆಂದು ತೋರಿದ ಕಾರ್ಯವನ್ನು ಮಾಡಿಕೊಂಡಿರುವ ಸಾಮರ್ಥ್ಯವು ಉಳಿದಿರುವುದೆಂದು ಹೇಳುತ್ತದೆ. ಕಾಯಕದ ತತ್ವವನ್ನು ಅರಿತವರಿಗೆ ಇದು ಹೊಸ ಮಾತಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಿರಿಯರಿಗೆ ಕಾಯಕವಿರಲಿ ಎಂಬ ನೆವದಿಂದ ಮೂರು ಮೊಮ್ಮಕ್ಕಳನ್ನೂ ನಾಲ್ಕು ದನಗಳನ್ನೂ ಎಪ್ಪತ್ತರ ಮುದುಕಿಯೊಬ್ಬಳ ಮೇಲೆ ಹೊರಿಸಿ ಹೋಗುವುದು ಕಾಯಕವಲ್ಲ, ಶೋಷಣೆ. ಶಕ್ತಿಯನ್ನು ಮೀರಿದುದನ್ನು ಇಳಿಸಿಕೊಡುವುದೂ ಸೇವೆಯೇ ಆಗಿದೆ.

ಹಕ್ಕಿನ ಹಣ

ವೃದ್ಧಾಪ್ಯ ವೇತನವನ್ನು ಸರ್ಕಾರದ ಭಿಕ್ಷೆಯೆಂದು ತಿಳಿದು ನಾಚುವ ಹಿರಿಯರಿದ್ದಾರೆ. ಇದು ಸರಿಯಲ್ಲ. ಆಯುಷ್ಯವೆಲ್ಲ ದುಡಿದು ನಾಡಿಗೆ ಅನ್ನವನ್ನೂ ಬಟ್ಟೆಯನ್ನೂ ಒದಗಿಸಿದವರಿಗೆ ಸಮಾಜವು ಸಲ್ಲಿಸುವ ಋಣಸಂದಾಯವದು. ಕರ್ನಾಟಕ ಸರ್ಕಾರವು 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯು 65 ವರ್ಷ ತುಂಬಿದ ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು, ಮೀನುಗಾರರು, ಅಸಂಘಟಿತ ವಲಯದ ದುಡಿಮೆಗಾರರು ಇವರಿಗೆಂದೇ ಏರ್ಪಟ್ಟುದು. ಇದರ ಮಾಸಿಕ ವೇತನವು 2021ರಲ್ಲಿ 1,000ದಿಂದ 1,200 ರೂಪಾಯಿಗಳಿಗೆ ಏರಿತು. ದಾಸಿಮಯ್ಯನವರ ಕಾಯಕವನ್ನು ಮುಂದುವರಿಸಿದ ನೇಕಾರನ ಹೆಸರು ಆ ಪಟ್ಟಿಯಲ್ಲಿರುವುದು ಉಚಿತವೇ ಸರಿ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿ 60 ವರ್ಷ ದಾಟಿದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವಿದೆ. ಎರಡನ್ನೂ ಕೂಡಿಯೇ ಪಡೆಯಲು ಬರುವುದಿಲ್ಲ.

ಯೋಜನೆಯಿದ್ದರೂ ಅದು ಕೈಗೆ ಬರುವ ದಾರಿಯಲ್ಲಿ ತೊಡಕುಗಳು ಅನೇಕ. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡತಕ್ಕದ್ದು. ಆಧಾರ್ ಚೀಟಿ, ಪಡಿತರ ಚೀಟಿ, ಆದಾಯದ ಪ್ರಮಾಣಪತ್ರ, ಬ್ಯಾಂಕಿನ ಅಥವಾ ಅಂಚೆ ಕಚೇರಿಯ ಖಾತೆ ಇವು ಬೇಕು. ಹುಟ್ಟಿದ ದಿನವನ್ನೇ ಬರೆದಿಡದ ಕಾಲದವರು ಇಂದಿನ ವೃದ್ಧರು. ರಜಾಕಾರರ ಹಾವಳಿಯಲ್ಲಿ ತಾನು ತೊಟ್ಟಿಲ ಕೂಸಾಗಿದ್ದೆನೆಂದು ಹೇಳುವ ಹಿರಿಯನ ಲೆಕ್ಕ ಸರಿಯಾದುದೇ. 1948ನ್ನು ನೆನೆದು ಎಣಿಸಿದರೆ ಆತನ ವಯಸ್ಸು 75ನ್ನು ಮೀರಿತೆಂಬುದು ಸ್ಪಷ್ಟ. ಆದರೆ ಆಧಾರ್ ಚೀಟಿಯಲ್ಲಿ ಅವಸರದಿಂದ ಬರೆದ ಇಸವಿಯು ಬೇರೆಯಾಗಿದ್ದರೆ ಯಂತ್ರವು ಒಪ್ಪುವುದಿಲ್ಲ. ದುಡಿದು ದುಡಿದು ಸವೆದ ಬೆರಳಿನ ಗುರುತನ್ನೂ ಯಂತ್ರವು ಕೆಲವೊಮ್ಮೆ ಹಿಡಿಯುವುದಿಲ್ಲ. ಒಂದು ತಿಂಗಳು ಹಣ ನಿಂತರೆ ಏಕೆ ನಿಂತಿತೆಂದು ಓದಿ ಹೇಳುವವರು ಬೇಕು.

ಇಲ್ಲಿಯೇ ಅಕ್ಷರ ಬಲ್ಲ ತರುಣ ಭಕ್ತರ ದಾಸೋಹಕ್ಕೆ ಅವಕಾಶವಿದೆ. ಅನ್ನದಾಸೋಹದಂತೆ ಅಕ್ಷರದಾಸೋಹವೂ ಒಂದು. ಒಂದು ಊರಿನಲ್ಲಿ ಇಬ್ಬರು ಯುವಕರು ತಿಂಗಳಿಗೆ ಎರಡು ದಿವಸಗಳನ್ನು ಮೀಸಲಿಟ್ಟು, ಓಣಿ ಓಣಿಯ ಹಿರಿಯರ ಕಾಗದಗಳನ್ನು ನೋಡಿ, ತಪ್ಪಿದ್ದುದನ್ನು ತಿದ್ದಿಸಿ, ನಾಡಕಚೇರಿಗೂ ಅಂಚೆ ಕಚೇರಿಗೂ ಕರೆದೊಯ್ದು ತಂದರೆ ಅದೊಂದು ದೊಡ್ಡ ಪೂಜೆಯಾಗುವುದು. ಇದಕ್ಕೆ ಪ್ರತಿಯಾಗಿ ಚಹದ ಹಣವನ್ನೂ ಮುಟ್ಟಬಾರದು. ವೇತನದ ಪುಸ್ತಕವು ಹಿರಿಯರ ಕೈಯಲ್ಲಿಯೇ ಇರಬೇಕು; ಅದನ್ನು ಮೊಮ್ಮಗನು ಇಟ್ಟುಕೊಂಡು ಖರ್ಚಿಗೆ ಐವತ್ತು ರೂಪಾಯಿ ಕೊಡುವ ಪದ್ಧತಿಯು ಹಂಗನ್ನು ಹಿಂಬಾಗಿಲಿನಿಂದ ಮತ್ತೆ ಕರೆತರುವುದು.

ಹೊಲವೂ ಪಾಲನೆಯೂ

ಹಿರಿಯರ ದುಃಖಕ್ಕೆ ಮೂಲವಾಗುವ ಇನ್ನೊಂದು ಸಂಗತಿಯೆಂದರೆ ಆಸ್ತಿಯ ಹಂಚಿಕೆ. ಮಕ್ಕಳ ಮೇಲಣ ಮೋಹದಿಂದ ಇದ್ದ ಹೊಲವನ್ನೆಲ್ಲ ಅವರ ಹೆಸರಿಗೆ ಬರೆದುಕೊಟ್ಟು, ಮರುವರ್ಷ ರೊಟ್ಟಿಗೆ ಕೈಯೊಡ್ಡಿ ನಿಲ್ಲುವ ತಂದೆತಾಯಿಗಳು ಯಾವ ಸೀಮೆಯಲ್ಲಿ ಇಲ್ಲ? ಕಾಲುವೆಯ ನೀರು ಬಂದು ಭೂಮಿಯ ಬೆಲೆ ಏರಿದ ಊರುಗಳಲ್ಲಿ ಈ ಆತುರವು ಇನ್ನಷ್ಟು ಬಲವಾಗಬಹುದು.

2007ರಲ್ಲಿ ಭಾರತದ ಸಂಸತ್ತು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಕಾಯಿದೆಯೊಂದನ್ನು ಮಾಡಿತು. ಸ್ವಂತ ಆದಾಯದಿಂದ ಜೀವನ ಸಾಗಿಸಲಾರದ ತಂದೆತಾಯಿಗಳು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ತಾವೇ ಅರ್ಜಿಯನ್ನು ಕೊಡಬಹುದು, ವಕೀಲರನ್ನು ಹಿಡಿಯಬೇಕಾಗಿಲ್ಲ. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದ ಪೋಷಣೆಯನ್ನು ಕೇಳಬಹುದು. ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶವನ್ನು ಕೊಡಿಸುವ ಅಧಿಕಾರವು ಆ ಕಾಯಿದೆಯಲ್ಲಿದೆ. ನೋಟೀಸು ತಲುಪಿದ 90 ದಿವಸಗಳೊಳಗೆ ತೀರ್ಮಾನವಾಗಬೇಕೆಂಬುದು ನಿಯಮ. ವಿಶೇಷ ಕಾರಣವಿದ್ದರೆ ಒಂದು ಸಲ 30 ದಿವಸ ಮುಂದುವರಿಸಬಹುದು. ಹಿರಿಯರನ್ನು ನಿರ್ಗತಿಕರನ್ನಾಗಿ ಬಿಟ್ಟುಹೋದವರಿಗೆ ಮೂರು ತಿಂಗಳ ಸೆರೆವಾಸ, 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಈ ಕಾಯಿದೆಯ 23ನೆಯ ಕಲಮು ಗೃಹಸ್ಥರು ವಿಶೇಷವಾಗಿ ಅರಿಯಬೇಕಾದುದು. ತಮ್ಮ ಊಟ ಉಪಚಾರಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ಬರೆದುಕೊಟ್ಟು, ಪಡೆದವನು ಆ ಮಾತಿಗೆ ತಪ್ಪಿದರೆ, ಆ ದಾನಪತ್ರವನ್ನು ರದ್ದುಪಡಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಷರತ್ತಿಲ್ಲದ ಪತ್ರದಿಂದ ಕಷ್ಟಕ್ಕೆ ಸಿಕ್ಕಿಕೊಂಡವರು ಬಹಳ. ಆದುದರಿಂದ ಬರೆದುಕೊಡಲೇಬೇಕಾದಲ್ಲಿ ಪಾಲನೆಯ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸತಕ್ಕದ್ದು. ಇರುವ ಮನೆಯನ್ನೂ ಜೀವನಕ್ಕೆ ಸಾಲುವಷ್ಟು ಹೊಲವನ್ನೂ ಬದುಕಿರುವವರೆಗೆ ತಮ್ಮ ಹೆಸರಿನಲ್ಲಿ ಉಳಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಇದು ಮಕ್ಕಳ ಮೇಲಣ ಅವಿಶ್ವಾಸವಲ್ಲ. ಮಕ್ಕಳನ್ನು ಕೃತಘ್ನತೆಯ ಪಾಪದಿಂದ ಕಾಪಾಡುವ ವಿವೇಕವಿದು.

ಊರ ಹಿರಿಯರೂ ಮಠದ ಸ್ವಾಮಿಗಳೂ ಕೂಡಿ ಕುಳಿತು ತಂದೆ ಮಕ್ಕಳನ್ನು ಒಂದುಗೂಡಿಸಿದರೆ ಅದಕ್ಕಿಂತ ಉತ್ತಮವಾದುದಿಲ್ಲ. ಕಾಯಿದೆಯೂ ಮೊದಲು ಸಂಧಾನಕ್ಕೆ ಅವಕಾಶ ಕೊಟ್ಟಿದೆ. ಆದರೆ ಮನೆತನದ ಮರ್ಯಾದೆಯ ಹೆಸರಿನಲ್ಲಿ ವೃದ್ಧರ ಬಾಯಿ ಮುಚ್ಚಿಸುವುದು ಸಂಧಾನವಲ್ಲ. ರಾಜಿಯು ಮುರಿದಾಗ ಅವರನ್ನು ಕಚೇರಿಯ ಬಾಗಿಲಿಗೆ ಕರೆದೊಯ್ಯುವ ಧೈರ್ಯವೂ ಸಮಾಜದಲ್ಲಿರಬೇಕು. ಹಿರಿಯರ ಸಹಾಯಕ್ಕೆಂದು 14567 ಎಂಬ ದೂರವಾಣಿ ಸಂಖ್ಯೆಯು ದೇಶದಾದ್ಯಂತ ಏರ್ಪಟ್ಟಿದೆ, ಕರೆಗೆ ಹಣವಿಲ್ಲ. ಇದನ್ನು ಮಠದ ಗೋಡೆಯ ಮೇಲೆಯೂ ಪಂಚಾಯತಿಯ ಗೋಡೆಯ ಮೇಲೆಯೂ ದೊಡ್ಡ ಅಂಕಿಗಳಲ್ಲಿ ಬರೆಯಿಸುವುದು ಲೇಸು.

ದೇಹವೆಂಬ ದೇಗುಲ

ದೇಹವನ್ನೇ ದೇವಾಲಯವೆಂದು ಕಂಡವರು ಶರಣರು. ಹಳೆಯದಾದ ಮಾತ್ರಕ್ಕೆ ದೇಗುಲವನ್ನು ಯಾರೂ ಕೆಡವುವುದಿಲ್ಲ. ದೀಪ ಹಚ್ಚುತ್ತಾರೆ, ಸೋರುವ ಮಾಳಿಗೆಯನ್ನು ಸರಿಪಡಿಸುತ್ತಾರೆ. ವೃದ್ಧದೇಹದ ಆರೈಕೆಯೂ ಹಾಗೆಯೇ. ವಯಸ್ಸಾದ ಮೇಲೆ ಇದೆಲ್ಲ ಸಹಜವೆಂದು ಕಣ್ಣಿನ ಪೊರೆಯನ್ನೂ ಕಿವುಡನ್ನೂ ಮೊಣಕಾಲಿನ ನೋವನ್ನೂ ಅಲಕ್ಷಿಸುವುದು ತಪ್ಪು. ಪೊರೆಯ ಶಸ್ತ್ರಚಿಕಿತ್ಸೆಯು ಸರ್ಕಾರದ ವತಿಯಿಂದ ಉಚಿತವಾಗಿ ದೊರೆಯುತ್ತದೆ. ಕಣ್ಣು ತೆರೆದ ಮೇಲೆ ಮತ್ತೆ ಕೌದಿಯ ಸೂಜಿಗೆ ದಾರ ಪೋಣಿಸುವ ತಾಯಂದಿರಿಗೆ ಅದೊಂದು ಮರುಜನ್ಮ. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಗುಳಿಗೆಯನ್ನು ದಿನವೂ ತಪ್ಪದೆ ನುಂಗಬೇಕು. ಮೈ ಹಗುರಾಯಿತೆಂದು ಮಧ್ಯದಲ್ಲಿ ಬಿಟ್ಟರೆ ಪಾರ್ಶ್ವವಾಯುವಿನ ಭಯವಿದೆ. ಆಶಾ ಕಾರ್ಯಕರ್ತೆಯು ಮನೆಗೆ ಬಂದಾಗ ಬಾಣಂತಿಯ ವಿಷಯವನ್ನಷ್ಟೇ ಅಲ್ಲ, ಮುತ್ಯಾನ ಗುಳಿಗೆಯ ವಿಷಯವನ್ನೂ ಅವಳ ಕಿವಿಗೆ ಹಾಕಬೇಕು.

ಈ ಸೀಮೆಯ ಬೇಸಗೆಯ ಬಿಸಿಲು 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಮುಪ್ಪಿನಲ್ಲಿ ಬಾಯಾರಿಕೆಯು ಬೇಗನೆ ತಿಳಿಯುವುದಿಲ್ಲ. ಕೇಳದಿದ್ದರೂ ಮಜ್ಜಿಗೆಯನ್ನೋ ಅಂಬಲಿಯನ್ನೋ ನೀರನ್ನೋ ಹೊತ್ತು ಹೊತ್ತಿಗೆ ಕೊಡುತ್ತಿರಬೇಕು. ಹಲ್ಲಿಲ್ಲದವರಿಗೆ ಕಟಕು ರೊಟ್ಟಿಯನ್ನು ಮುಂದಿಟ್ಟು ಉಣ್ಣಲಿಲ್ಲವೆಂದು ದೂರುವ ಬದಲು ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಮೇಲೆ ತೊಗರಿಯ ಕಟ್ಟನ್ನು ಹಾಕುವುದು ವಿವೇಕ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ದೀಪ, ಹಿಡಿದುಕೊಳ್ಳಲು ಗೋಡೆಗೆ ಒಂದು ಕಟ್ಟಿಗೆ, ಇವುಗಳ ಖರ್ಚು ಅಲ್ಪ. ಬಿದ್ದು ಸೊಂಟದ ಎಲುಬು ಮುರಿದ ಮೇಲಿನ ಖರ್ಚೂ ನೋವೂ ಅಪಾರ. 2023ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣವು ಉಚಿತವಾಗಿದೆ. 60 ದಾಟಿದ ಗಂಡಸರಿಗೂ ದರದಲ್ಲಿ ನೂರಕ್ಕೆ 25ರಷ್ಟು ರಿಯಾಯಿತಿಯುಂಟು. ಹಳ್ಳಿಯಿಂದ ತಾಲ್ಲೂಕಿನ ಅಥವಾ ಜಿಲ್ಲೆಯ ಆಸ್ಪತ್ರೆಗೆ ಹೋಗಲು ಹಣವಿಲ್ಲವೆಂಬ ಕಾರಣವು ಇದರಿಂದ ಕಡಿಮೆಯಾಗಿದೆ. ಕೂಡ ಬರುವವರಿಲ್ಲವೆಂಬ ಕಾರಣವು ಮಾತ್ರ ಉಳಿದಿದೆ. ಆ ಕೊರತೆಯನ್ನು ನೆರೆಹೊರೆಯವರೇ ತುಂಬಬೇಕು.

ಸಂಗವೇ ಔಷಧ

ಅನ್ನ, ವೇತನ, ಗುಳಿಗೆ ಎಲ್ಲವೂ ಇದ್ದು ಮಾತನಾಡಿಸುವವರಿಲ್ಲದಿದ್ದರೆ ಆ ಮುಪ್ಪು ಬಡವಾದುದೇ. ಶರಣಧರ್ಮದಲ್ಲಿ ಸಂಗಕ್ಕೆ ಇರುವಷ್ಟು ಬೆಲೆ ಬೇರಾವುದಕ್ಕೂ ಇಲ್ಲ. ಅನುಭವಮಂಟಪದಲ್ಲಿ ಕುಲ, ಕಾಯಕ, ಲಿಂಗಭೇದಗಳನ್ನು ಎಣಿಸದೆ ಎಲ್ಲರ ಮಾತಿಗೂ ಸ್ಥಾನವಿತ್ತು. ಅಂತಹ ಮಂಟಪವೊಂದು ಪ್ರತಿ ಊರಿನಲ್ಲಿಯೂ ಚಿಕ್ಕದಾಗಿ ಏರ್ಪಡಬಹುದು. ಅಮಾವಾಸ್ಯೆಗೊಮ್ಮೆ ಮಠದಲ್ಲಿ ಹಿರಿಯರು ಸೇರಲಿ. ಮೊದಲು ವಚನಚಿಂತನೆ, ಅನಂತರ ಅವರವರ ಕಷ್ಟಸುಖ, ಕೊನೆಗೆ ಪ್ರಸಾದ. ಅದೇ ದಿವಸ ಆರೋಗ್ಯ ಕೇಂದ್ರದವರನ್ನು ಕರೆಯಿಸಿ ರಕ್ತದೊತ್ತಡವನ್ನು ನೋಡಿಸಿದರೆ ಒಂದೇ ಬರವಿನಲ್ಲಿ ಎರಡು ಕಾರ್ಯಗಳಾಗುವುವು. ಬರಲಾರದವರ ಮನೆಗೆ ಪ್ರಸಾದದೊಡನೆ ಇಬ್ಬರು ಹೋಗಿ ಸ್ವಲ್ಪ ಹೊತ್ತು ಕುಳಿತು ಬರಲಿ. ಯಾರು ಬರಲಿಲ್ಲವೆಂದು ಎಣಿಸುವವರೊಬ್ಬರು ಇದ್ದರೆ ಹಾಸಿಗೆ ಹಿಡಿದವರ ಸುದ್ದಿಯು ತಾನಾಗಿ ತಿಳಿಯುವುದು.

ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಿಗೆ ಅರಿವು ಕೇಂದ್ರಗಳೆಂದು ಹೆಸರಿಟ್ಟಿರುವುದು ಸಂತೋಷದ ಸಂಗತಿ. ಅರಿವೇ ಶರಣರ ಗುರುವಲ್ಲವೆ? ಅಲ್ಲಿ ಶಾಲೆಯ ಮಕ್ಕಳು ಪತ್ರಿಕೆಯನ್ನು ಗಟ್ಟಿಯಾಗಿ ಓದಲಿ, ಹಿರಿಯರು ಕೇಳಲಿ. ಹಿರಿಯರು ಊರಿನ ಹಳೆಯ ಕಥೆಗಳನ್ನು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಗುಳೆ ಹೋದವರು ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ದೂರವಾಣಿಯಲ್ಲಿ ಮಾತನಾಡುವ ನಿಯಮವನ್ನು ಇಟ್ಟುಕೊಂಡರೆ, ಆ ಹೊತ್ತಿಗಾಗಿ ಕಾಯುವ ಸುಖವೇ ಉಳಿದ ಆರು ದಿವಸಗಳನ್ನು ನಡೆಸುವುದು. ಹಣ ಮುಟ್ಟಿತೇ ಎಂದು ಕೇಳುವ ಮೊದಲು ಉಂಡೆಯಾ, ನಿದ್ರೆ ಬಂತೇ ಎಂದು ಕೇಳಬೇಕು.

ಈ ನಾಡಿಗೆ ದಾಸೋಹವು ಹೊಸತಲ್ಲ. ಕಲಬುರಗಿಯ ಶರಣಬಸವೇಶ್ವರರು ಬಂದವರಿಗೆಲ್ಲ ಅನ್ನವಿಟ್ಟು ಮಹಾದಾಸೋಹಿಗಳೆನಿಸಿದರು. ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠದಲ್ಲಿ ಇಂದಿಗೂ ದಾಸೋಹವು ನಡೆದಿದೆ. ಬೆಂಕಿ ಆರದ ಆ ಒಲೆಗಳಿಂದ ಒಂದೊಂದು ಕೆಂಡವನ್ನು ಪ್ರತಿಯೊಬ್ಬ ಭಕ್ತನೂ ತನ್ನ ಮನೆಗೆ ತರಬೇಕಾಗಿದೆ. ಕಾಗದ ಓದಿ ಹೇಳುವುದು, ಆಸ್ಪತ್ರೆಗೆ ಜೊತೆಯಾಗುವುದು, ಮುತ್ಯಾನ ಮಾತನ್ನು ಕೊನೆಯವರೆಗೆ ಕೇಳುವುದು ಇವೆಲ್ಲವೂ ದಾಸೋಹವೇ.

ಸೇವೆಯು ದಾಸೋಹವಾಯಿತೇ ಇಲ್ಲವೇ ಎಂಬುದನ್ನು ಅರಿಯಲು ಶಾಸ್ತ್ರದ ಗ್ರಂಥಗಳನ್ನು ತೆರೆಯಬೇಕಾಗಿಲ್ಲ. ಮನೆಯ ಹಿರಿಯರು ನೀರು ಬೇಕೆಂದು ಕೇಳುವಾಗ ಅವರ ದನಿಯನ್ನು ಗಮನಿಸಿದರೆ ಸಾಕು. ಆ ದನಿಯಲ್ಲಿ ಅಂಜಿಕೆಯಿದ್ದರೆ ಆ ಮನೆಯಲ್ಲಿ ಇನ್ನೂ ದಾನವೇ ನಡೆದಿದೆ; ಅಂಜಿಕೆಯಿಲ್ಲದೆ ತಮ್ಮದನ್ನು ತಾವು ಕೇಳುವಂತೆ ಕೇಳಿದರೆ ಅಲ್ಲಿ ದಾಸೋಹವು ನೆಲೆಗೊಂಡಿತೆಂದು ತಿಳಿಯತಕ್ಕದ್ದು.